ಸ್ಯಾಂಡೋ ಸತ್ತದ್ದು ಭಾರ ಎತ್ತಿದ್ದಕ್ಕಾ? ಬನಿಯನ್‌ಗೆ ಹೆಸರು ಕೊಟ್ಟ ಪೈಲ್ವಾನನ ಕಥೆ, ಸ್ನಾಯು ಬೆಳೆಯುವ ವಿಜ್ಞಾನ

ಕಳೆದ ತಿಂಗಳು ನಮ್ಮ ಮನೆಯವರ ವಾಟ್ಸಾಪ್ ಗ್ರೂಪ್‌ಗೆ ಒಂದು ಫಾರ್ವರ್ಡ್ ಬಂತು. ಮೇಲೆ ಕಟ್ಟುಮಸ್ತಾದ ವ್ಯಕ್ತಿಯೊಬ್ಬನ ಕಪ್ಪು-ಬಿಳುಪು ಫೋಟೋ. ಕೆಳಗೆ ನಾಲ್ಕು ಸಾಲು: ಇವನು ಒಂದು ಕಾಲದಲ್ಲಿ ಜಗತ್ತಿನ ಅತಿ ಬಲಶಾಲಿ, ಭಾರ ಎತ್ತಲು ಹೋಗಿ ಮೆದುಳಿನ ನರ ಒಡೆದು ಸತ್ತ, ಆದ್ದರಿಂದ ಜಿಮ್, ಡಂಬೆಲ್ ಎಲ್ಲ ಬಿಡಿ, ವಾಕಿಂಗ್ ಒಂದೇ ಸಾಕು. ಕೊನೆಗೆ ಯಥಾಪ್ರಕಾರ, ಹತ್ತು ಜನರಿಗೆ ಕಳಿಸಿ ಎಂಬ ಕೋರಿಕೆ.

ಅದನ್ನು ಓದಿದ ನಮ್ಮಮ್ಮ ಮರುದಿನದಿಂದಲೇ ಡಂಬೆಲ್ ಎತ್ತುವುದನ್ನು ನಿಲ್ಲಿಸಿಬಿಟ್ಟರು. ಅಮ್ಮನಿಗೆ 58 ವರ್ಷ, ಮಂಡಿನೋವು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದು ಎರಡು ಕೆ.ಜಿ.ಯ ಡಂಬೆಲ್ ಹಿಡಿದು ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ. ಮೂರು ತಿಂಗಳಲ್ಲಿ ಮೆಟ್ಟಿಲು ಹತ್ತುವುದು ಸಲೀಸಾಗಿತ್ತು. ಒಂದು ಫಾರ್ವರ್ಡ್ ಅದನ್ನು ನಿಲ್ಲಿಸಿತು.

ಫೋಟೋದಲ್ಲಿದ್ದ ವ್ಯಕ್ತಿಯ ಹೆಸರು ಯುಜೆನ್ ಸ್ಯಾಂಡೋ. ಅವನು ಯಾರು, ಹೇಗೆ ಬಲಶಾಲಿಯಾದ, ಹೇಗೆ ಸತ್ತ? ಭಾರ ಎತ್ತಿದರೆ ದೇಹದೊಳಗೆ ನಿಜಕ್ಕೂ ಏನಾಗುತ್ತದೆ? ಬನ್ನಿ, ಒಂದೊಂದಾಗಿ ನೋಡೋಣ.

ಯಾರು ಈ ಸ್ಯಾಂಡೋ?

ಸ್ಯಾಂಡೋ ಹುಟ್ಟಿದ್ದು 1867ರ ಏಪ್ರಿಲ್ 2ರಂದು, ಆಗಿನ ಪ್ರಶ್ಯಾ ರಾಜ್ಯದ ಕ್ಯೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ. ಇಂದು ಆ ಊರು ರಷ್ಯಾಕ್ಕೆ ಸೇರಿದ್ದು, ಅದರ ಹೆಸರು ಕಲಿನಿನ್‌ಗ್ರಾಡ್. ಹುಟ್ಟಿದಾಗ ಇಟ್ಟ ಹೆಸರು ಫ್ರೀಡ್ರಿಕ್ ವಿಲ್ಹೆಲ್ಮ್ ಮ್ಯೂಲರ್. ಸ್ಯಾಂಡೋ ಎನ್ನುವುದು ಆಮೇಲೆ ರಂಗಕ್ಕಾಗಿ ಇಟ್ಟುಕೊಂಡ ಹೆಸರು.

ಬಾಲ್ಯದಲ್ಲಿ ತಾನು ತುಂಬ ಸಣಕಲಾಗಿದ್ದೆ, ಅಪ್ಪ ಇಟಲಿಗೆ ಕರೆದುಕೊಂಡು ಹೋದಾಗ ಹಳೇ ಗ್ರೀಕ್, ರೋಮನ್ ಶಿಲ್ಪಗಳನ್ನು ನೋಡಿ ಅಂಥ ದೇಹ ಬೆಳೆಸಬೇಕೆಂದು ನಿಶ್ಚಯಿಸಿದೆ ಎಂದು ಆತ ದೊಡ್ಡವನಾದ ಮೇಲೆ ಹೇಳಿಕೊಳ್ಳುತ್ತಿದ್ದ. ಈ ಕಥೆಯಲ್ಲಿ ನಿಜವೆಷ್ಟು, ಪ್ರಚಾರಕ್ಕಾಗಿ ಸೇರಿಸಿದ್ದೆಷ್ಟು ಎಂಬ ಬಗ್ಗೆ ಇತಿಹಾಸಕಾರರಿಗೆ ಅನುಮಾನವಿದೆ. ಸಣಕಲು ಹುಡುಗ ಪೈಲ್ವಾನನಾದ ಕಥೆ ಆಗಲೂ ಚೆನ್ನಾಗಿ ಮಾರಾಟವಾಗುತ್ತಿತ್ತು, ಈಗಲೂ ಆಗುತ್ತದೆ. ಇಂದಿನ ಜಿಮ್ ಜಾಹೀರಾತುಗಳ 'ಮೊದಲು-ನಂತರ' ಫೋಟೋಗಳನ್ನು ನೆನಪಿಸಿಕೊಳ್ಳಿ.

ಹದಿನೆಂಟರ ಆಸುಪಾಸಿನಲ್ಲಿ ಸ್ಯಾಂಡೋ ಕಡ್ಡಾಯ ಸೈನ್ಯ ಸೇವೆಯಿಂದ ತಪ್ಪಿಸಿಕೊಳ್ಳಲು ಊರು ಬಿಟ್ಟ. ಸರ್ಕಸ್ ಸೇರಿ ಯುರೋಪ್ ಸುತ್ತಿದ. ಬ್ರಸೆಲ್ಸ್ ನಗರದಲ್ಲಿ ಲುಡ್ವಿಗ್ ಡುರ್ಲಾಕರ್ ಎಂಬ ತರಬೇತುದಾರ ಸಿಕ್ಕಿದ. ಪ್ರೊಫೆಸರ್ ಅಟಿಲಾ ಎಂದೇ ಹೆಸರಾಗಿದ್ದ ಈ ಗುರು ಸ್ಯಾಂಡೋಗೆ ಕಲಿಸಿದ್ದು ಭಾರವಾದ ತೂಕಗಳನ್ನು ಕ್ರಮವಾಗಿ ಎತ್ತುವ ಅಭ್ಯಾಸ. ಸ್ಯಾಂಡೋನ ನಿಜವಾದ ಶಕ್ತಿಯ ಮೂಲ ಇದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

1889ರ ಅಕ್ಟೋಬರ್ ಕೊನೆಯಲ್ಲಿ ಲಂಡನ್‌ನ ರಾಯಲ್ ಅಕ್ವೇರಿಯಂ ಎಂಬ ಪ್ರದರ್ಶನ ಮಂದಿರದಲ್ಲಿ ಸ್ಯಾಂಪ್ಸನ್ ಎಂಬ ಹೆಸರಾಂತ ಬಲಶಾಲಿ ಪ್ರದರ್ಶನ ಕೊಡುತ್ತಿದ್ದ. ತನ್ನನ್ನೂ ತನ್ನ ಶಿಷ್ಯ ಸೈಕ್ಲಾಪ್ಸ್‌ನನ್ನೂ ಸೋಲಿಸಿದವರಿಗೆ ಬಹುಮಾನವೆಂದು ಘೋಷಿಸಿದ್ದ. ಪ್ರೇಕ್ಷಕರ ಸಾಲಿನಿಂದ 22 ವರ್ಷದ ಸ್ಯಾಂಡೋ ಎದ್ದುಬಂದ. ಮೊದಲು ಶಿಷ್ಯನನ್ನು, ಕೆಲವು ದಿನ ಬಿಟ್ಟು ನವೆಂಬರ್ 2ರಂದು ಗುರುವನ್ನು ಸೋಲಿಸಿದ. ಅಲ್ಲಿಂದ ಲಂಡನ್ ತುಂಬ ಅವನದೇ ಮಾತು.

ಭಾರ ಎತ್ತಿದರೆ ಒಳಗೆ ಏನಾಗುತ್ತದೆ?

ಸ್ಯಾಂಡೋನ ಕಾಲದಲ್ಲಿ ಇದಕ್ಕೆ ಸರಿಯಾದ ಉತ್ತರ ಯಾರ ಬಳಿಯೂ ಇರಲಿಲ್ಲ. ಇಂದು ಇದೆ.

ನಮ್ಮ ಸ್ನಾಯು ಎಂದರೆ ಸಾವಿರಾರು ಎಳೆಗಳ ಕಟ್ಟು. ಹಗ್ಗದ ಹುರಿಯಂತೆ ಭಾವಿಸಿಕೊಳ್ಳಿ. ಪ್ರತಿ ಎಳೆಯೊಳಗೂ ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಪ್ರೋಟೀನ್‌ಗಳ ಇನ್ನೂ ಸಣ್ಣ ದಾರಗಳಿವೆ. ಇವು ಒಂದರ ಮೇಲೊಂದು ಜಾರಿದಾಗ ಸ್ನಾಯು ಬಿಗಿಯಾಗುತ್ತದೆ, ಕೈ ಮಡಚುತ್ತದೆ, ಕೊಡ ಮೇಲೇಳುತ್ತದೆ.

ಈ ಎಳೆಗಳು ತಾವಾಗಿ ಕೆಲಸ ಮಾಡುವುದಿಲ್ಲ. ಬೆನ್ನುಹುರಿಯಿಂದ ಬರುವ ನರಗಳು ಆಜ್ಞೆ ಕೊಡಬೇಕು. ಒಂದೊಂದು ನರಕೋಶದ ಕೈಕೆಳಗೆ ಒಂದಷ್ಟು ಎಳೆಗಳ ತಂಡ ಇರುತ್ತದೆ. ಹಗುರ ಕೆಲಸಕ್ಕೆ ಸಣ್ಣ ತಂಡಗಳು ಮಾತ್ರ ಏಳುತ್ತವೆ. ಕೆಲಸ ಭಾರವಾದಂತೆ ಅಥವಾ ಸುಸ್ತು ಹೆಚ್ಚಿದಂತೆ ದೊಡ್ಡ ತಂಡಗಳನ್ನು ಕರೆಯಲಾಗುತ್ತದೆ. ಟೀ ಲೋಟ ಎತ್ತುವಾಗ ಒಂದಿಬ್ಬರು ಆಳು ಸಾಕು, ಅಕ್ಕಿಮೂಟೆ ಎತ್ತಲು ಊರವರೆಲ್ಲ ಬರಬೇಕು, ಹಾಗೆ.

ಭಾರ ಎತ್ತಲು ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿ ಶಕ್ತಿ ಬೇಗ ಹೆಚ್ಚುತ್ತದೆ, ಆದರೆ ತೋಳಿನ ಸುತ್ತಳತೆ ಅಷ್ಟಾಗಿ ಬದಲಾಗುವುದಿಲ್ಲ. ಇದು ಹಲವರಿಗೆ ಗೊಂದಲ. ಕಾರಣ ಸರಳ. ಆಗ ಮುಖ್ಯವಾಗಿ ಕಲಿಯುತ್ತಿರುವುದು ನರಮಂಡಲ. ಹೆಚ್ಚು ತಂಡಗಳನ್ನು ಒಟ್ಟಿಗೆ, ಬೇಗ, ತಾಳ ತಪ್ಪದೆ ಕರೆಯಲು ಅದು ಕಲಿಯುತ್ತದೆ.

ಅಭ್ಯಾಸ ಮುಂದುವರಿದರೆ ಸ್ನಾಯುವೂ ಬೆಳೆಯುತ್ತದೆ. ಭಾರದಿಂದ ಎಳೆಗಳ ಮೇಲೆ ಬೀಳುವ ಸೆಳೆತವನ್ನು ಜೀವಕೋಶಗಳು ಗುರುತಿಸಿ, ಹೊಸ ಪ್ರೋಟೀನ್ ಕಟ್ಟುವ ಕೆಲಸವನ್ನು ಚುರುಕುಗೊಳಿಸುತ್ತವೆ. ಒಂದು ಸಲದ ವ್ಯಾಯಾಮದ ನಂತರ ಈ ಚುರುಕು ಸುಮಾರು 24ರಿಂದ 48 ಗಂಟೆ ಇರುತ್ತದೆ. ಎಳೆಗಳ ಪಕ್ಕದಲ್ಲೇ ಸುಮ್ಮನಿರುವ ಸಹಾಯಕ ಕೋಶಗಳು ಎಚ್ಚೆತ್ತು ಎಳೆಗಳೊಂದಿಗೆ ಬೆಸೆದುಕೊಳ್ಳುತ್ತವೆ. ಹೀಗೆ ಇದ್ದ ಎಳೆಗಳೇ ದಪ್ಪಗಾಗುತ್ತವೆ. ಹೊಸ ಎಳೆಗಳು ಹುಟ್ಟಿ ಸ್ನಾಯು ದೊಡ್ಡದಾಗುವುದಲ್ಲ.

ಸ್ನಾಯು ಹರಿದು, ಮತ್ತೆ ಹೊಲಿದುಕೊಂಡಾಗಲೇ ಬೆಳೆಯುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಇದು ಅರ್ಧಸತ್ಯ. ಹೊಸ ವ್ಯಾಯಾಮದಲ್ಲಿ ಸೂಕ್ಷ್ಮ ಗಾಯ ಆಗುವುದು ನಿಜ, ಮರುದಿನದ ಮೈಕೈ ನೋವಿಗೆ ಅದೂ ಒಂದು ಕಾರಣ. ಆದರೆ ಬೆಳವಣಿಗೆಗೆ ಮುಖ್ಯವಾಗಿ ಬೇಕಾದದ್ದು ಸೆಳೆತ, ಗಾಯ ಅಲ್ಲ. ನೋವಾಗದಿದ್ದರೆ ವ್ಯಾಯಾಮ ವ್ಯರ್ಥ ಎನ್ನುವುದು ತಪ್ಪು.

ಪುಡಿ ಬಳಿದ ಮೈ, ಬಾಯಿ ಕಟ್ಟಿದ ಸಿಂಹ

1893ರಲ್ಲಿ ಸ್ಯಾಂಡೋ ಅಮೆರಿಕಕ್ಕೆ ಹೋದ. ಷಿಕಾಗೋದಲ್ಲಿ ವಿಶ್ವ ಮೇಳ ನಡೆಯುತ್ತಿದ್ದ ವರ್ಷ ಅದು. ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಅದೇ ಮೇಳದ ಅಂಗವಾಗಿ. ಫ್ಲಾರೆನ್ಜ್ ಜೀಗ್‌ಫೆಲ್ಡ್ ಎಂಬ ಯುವ ಪ್ರದರ್ಶಕ ಸ್ಯಾಂಡೋನನ್ನು ತನ್ನ ರಂಗಕ್ಕೆ ಕರೆತಂದ. ಜನ ನೋಡಲು ಬರುತ್ತಿರುವುದು ಅವನು ಎತ್ತುವ ಗುಂಡುಗಳನ್ನಲ್ಲ, ಅವನ ಮೈಕಟ್ಟನ್ನು ಎಂದು ಜೀಗ್‌ಫೆಲ್ಡ್‌ಗೆ ಬೇಗನೆ ಹೊಳೆಯಿತು. ಅಲ್ಲಿಂದ ಸ್ಯಾಂಡೋ ರಂಗದ ಮೇಲೆ ಶಿಲ್ಪದಂತೆ ನಿಂತು ಒಂದೊಂದೇ ಸ್ನಾಯು ಕುಣಿಸಿ ತೋರಿಸತೊಡಗಿದ. 1894ರಲ್ಲಿ ಎಡಿಸನ್ ಸ್ಟುಡಿಯೋ ಅವನ ಪುಟ್ಟ ಚಲನಚಿತ್ರವನ್ನೂ ತೆಗೆಯಿತು. ಸಿನಿಮಾ ಇತಿಹಾಸದ ಆರಂಭದ ತುಣುಕುಗಳಲ್ಲಿ ಅದೂ ಒಂದು.

ಅವನ ಫೋಟೋಗಳು ಸಾವಿರ ಸಾವಿರ ಮಾರಾಟವಾದವು. ಅವನ್ನು ನೋಡುವಾಗ ಒಂದು ವಿಷಯ ತಿಳಿದಿರಲಿ. ಅಮೃತಶಿಲೆಯಂತೆ ಕಾಣಲು ಆತ ಮೈಗೆ ಬಿಳಿ ಪುಡಿ ಬಳಿದುಕೊಳ್ಳುತ್ತಿದ್ದ. ಬೆಳಕು, ನಿಲ್ಲುವ ಭಂಗಿ ಎಲ್ಲ ಲೆಕ್ಕಾಚಾರದ್ದೇ. ಮೈಕಟ್ಟು ನಿಜ, ಆದರೆ ಫೋಟೋದಲ್ಲಿ ಕಂಡದ್ದೆಲ್ಲ ಮೈಕಟ್ಟಲ್ಲ. ಇಂದಿನ ಫಿಲ್ಟರ್‌ಗಳಿಗೆ ಇದು ಅಜ್ಜ.

ಇನ್ನೊಂದು ಪ್ರಸಂಗ ಕೇಳಿ. 1894ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಯಾಂಡೋ ಸಿಂಹದ ಜೊತೆ ಕುಸ್ತಿ ಆಡುತ್ತಾನೆ ಎಂದು ಭಾರೀ ಪ್ರಚಾರವಾಯಿತು. ಜನ ಕಿಕ್ಕಿರಿದರು. ಬಂದ ಸಿಂಹಕ್ಕೆ ಬಾಯಿ ಕಟ್ಟಿತ್ತು, ಪಂಜಗಳಿಗೆ ಚೀಲ ತೊಡಿಸಿತ್ತು. ಪಾಪ, ಅದಕ್ಕೆ ಜಗಳವಾಡುವ ಮನಸ್ಸೇ ಇರಲಿಲ್ಲ. ದುಡ್ಡು ಕೊಟ್ಟು ಬಂದವರು ಬೇಸರಪಟ್ಟು ಮನೆಗೆ ಹೋದರು.

ಹಗುರ ಡಂಬೆಲ್‌ನ ದೊಡ್ಡ ವ್ಯಾಪಾರ

ಇಂಗ್ಲೆಂಡ್‌ಗೆ ಮರಳಿದ ಸ್ಯಾಂಡೋ 1897ರಲ್ಲಿ ಲಂಡನ್‌ನಲ್ಲಿ ವ್ಯಾಯಾಮ ಸಂಸ್ಥೆ ತೆರೆದ. ಮರುವರ್ಷ ಪತ್ರಿಕೆ ಶುರು ಮಾಡಿದ. ಪುಸ್ತಕಗಳನ್ನು ಬರೆದ. ಅಂಚೆಯಲ್ಲೇ ಪಾಠ ಕಳಿಸಿದ. ತನ್ನ ಹೆಸರಿನ ಸ್ಪ್ರಿಂಗ್ ಡಂಬೆಲ್, ಕೋಕೋ ಪುಡಿ, ಹೆಂಗಸರ ಕಾರ್ಸೆಟ್ ಎಲ್ಲವನ್ನೂ ಮಾರಿದ.

ಆ ಸ್ಪ್ರಿಂಗ್ ಡಂಬೆಲ್ ಎಂದರೆ ನಡುವೆ ಸ್ಪ್ರಿಂಗ್ ಇಟ್ಟ ಎರಡು ಹೋಳು. ಮುಷ್ಟಿಯಲ್ಲಿ ಅವನ್ನು ಒತ್ತಿ ಹಿಡಿದು ವ್ಯಾಯಾಮ ಮಾಡಬೇಕು. ತೂಕ ಕೆಲವೇ ಪೌಂಡ್. ಮನಸ್ಸನ್ನು ಸ್ನಾಯುವಿನ ಮೇಲೆ ನಿಲ್ಲಿಸಿ ಹಗುರ ಡಂಬೆಲ್ ಆಡಿಸಿದರೂ ಬಲ ಬರುತ್ತದೆ ಎಂಬುದು ಅವನ ಪದ್ಧತಿಯ ತಿರುಳು. ಜಾಹೀರಾತು ನೋಡಿದವರು ಸ್ಯಾಂಡೋನೂ ಇದರಿಂದಲೇ ಹೀಗಾದ ಎಂದು ನಂಬಿದರು.

ಇಲ್ಲೇ ಮೋಸ ಅಡಗಿದೆ. ಅವನ ದೇಹ ಬೆಳೆದದ್ದು ಅಟಿಲಾ ಹೇಳಿಕೊಟ್ಟ ಭಾರವಾದ ತೂಕಗಳಿಂದ. ಮಾರಿದ್ದು ಹಗುರ ಡಂಬೆಲ್. ಹಾಗೆಂದು ಹಗುರ ಡಂಬೆಲ್ ಪೂರ್ತಿ ನಿಷ್ಪ್ರಯೋಜಕವೇ? ಅಲ್ಲ. ಹಗುರ ತೂಕವನ್ನೂ ಇನ್ನು ಒಂದೆರಡು ಸಲ ಮಾತ್ರ ಎತ್ತಬಲ್ಲೆ ಎನ್ನುವಷ್ಟು ಸುಸ್ತಾಗುವವರೆಗೆ ಎತ್ತಿದರೆ ದೊಡ್ಡ ತಂಡಗಳೂ ಏಳುತ್ತವೆ, ಸ್ನಾಯು ಬೆಳೆಯುತ್ತದೆ ಎಂದು ಇತ್ತೀಚಿನ ಸಂಶೋಧನೆಗಳು ತೋರಿಸಿವೆ. ಆದರೆ ಗರಿಷ್ಠ ಶಕ್ತಿ ಬರಬೇಕಾದರೆ ಭಾರದ ತೂಕವೇ ಹೆಚ್ಚು ಉಪಯುಕ್ತ. ಎರಡರಲ್ಲೂ ಒಂದು ನಿಯಮ ಸಾಮಾನ್ಯ: ದೇಹ ಒಗ್ಗಿಕೊಂಡಂತೆ ತೂಕವನ್ನೋ ಎಣಿಕೆಯನ್ನೋ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗಬೇಕು. ವರ್ಷಗಟ್ಟಲೆ ಅದೇ ತೂಕ, ಅದೇ ಹತ್ತು ಸಲ ಎತ್ತಿದರೆ ಇದ್ದದ್ದು ಉಳಿಯಬಹುದು, ಹೆಚ್ಚು ಬೆಳೆಯುವುದಿಲ್ಲ.

ಇದನ್ನು ವೈದ್ಯಕೀಯಕ್ಕೆ ತಂದದ್ದು ಸ್ಯಾಂಡೋ ಅಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ಸೇನಾ ವೈದ್ಯರು ಕಾಲಿಗೆ ಪೆಟ್ಟಾದ ಸೈನಿಕರಿಗೆ ಕ್ರಮವಾಗಿ ತೂಕ ಏರಿಸುವ ವ್ಯಾಯಾಮ ಮಾಡಿಸಿ, 1945ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಇಂದು ಫಿಸಿಯೋಥೆರಪಿಸ್ಟ್‌ಗಳು ಹೇಳಿಕೊಡುವ ಡಂಬೆಲ್ ವ್ಯಾಯಾಮದ ಬೇರು ಅಲ್ಲಿದೆ.

ಆಲ್ಬರ್ಟ್ ಹಾಲ್‌ನಿಂದ ಭಾರತದವರೆಗೆ

1901ರ ಸೆಪ್ಟೆಂಬರ್ 14ರಂದು ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ಯಾಂಡೋ ದೇಹದಾರ್ಢ್ಯ ಸ್ಪರ್ಧೆ ನಡೆಸಿದ. ಇಂಥ ದೊಡ್ಡ ಸ್ಪರ್ಧೆಗಳಲ್ಲಿ ಇದೇ ಮೊದಲನೆಯದು ಎನ್ನುತ್ತಾರೆ. ತೀರ್ಪುಗಾರರು ಮೂವರು: ಸ್ಯಾಂಡೋ, ಶಿಲ್ಪಿ ಚಾರ್ಲ್ಸ್ ಲಾಸ್, ಷರ್ಲಾಕ್ ಹೋಮ್ಸ್ ಕಥೆಗಳ ಆರ್ಥರ್ ಕಾನನ್ ಡಾಯ್ಲ್. ನಾಟಿಂಗ್‌ಹ್ಯಾಮ್‌ನ ವಿಲಿಯಂ ಮರ್ರೇ ಗೆದ್ದ. ತೋಳಿನ ಗಾತ್ರವೊಂದನ್ನೇ ನೋಡದೆ ಇಡೀ ದೇಹದ ಸಮತೋಲ, ಚರ್ಮ, ಆರೋಗ್ಯ ಎಲ್ಲವನ್ನೂ ಪರಿಗಣಿಸಿದ್ದು ಆ ಸ್ಪರ್ಧೆಯ ವಿಶೇಷ. ಇಂದಿಗೂ ಮಿಸ್ಟರ್ ಒಲಿಂಪಿಯಾ ಗೆದ್ದವರಿಗೆ ಕೊಡುವುದು ಸ್ಯಾಂಡೋನ ಪುತ್ಥಳಿಯನ್ನೇ.

ಅದೇ ವರ್ಷ ಲಂಡನ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಅವನ ಮೈಯ ಪ್ಲಾಸ್ಟರ್ ಅಚ್ಚು ತೆಗೆಸಿತು. ಯುರೋಪಿನ ಜನಾಂಗದ ಆದರ್ಶ ಮಾದರಿ ಎಂದು ಅದನ್ನು ಇಡುವ ಉದ್ದೇಶ. ಇಲ್ಲಿ ನಿಲ್ಲಬೇಕು. ದಿನವೂ ಭಾರ ಎತ್ತಿ ಕಟ್ಟಿದ ದೇಹವನ್ನು ಹುಟ್ಟಿನಿಂದ ಬಂದ ಜನಾಂಗದ ಗುಣವೆಂದು ತೋರಿಸುವುದು ವಿಜ್ಞಾನವಲ್ಲ. ಸೆಳೆತ ಬಿದ್ದರೆ ಸ್ನಾಯು ಬೆಳೆಯುವ ನಿಯಮ ಎಲ್ಲ ಮನುಷ್ಯರಿಗೂ ಒಂದೇ.

ಅದನ್ನು ಭಾರತದವರು ತಾವೇ ತೋರಿಸಿದರು. 1905ರ ಸುಮಾರಿಗೆ ಸ್ಯಾಂಡೋ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟ. ಅವನು ಬರುವ ಎಷ್ಟೋ ಮೊದಲೇ ನಮ್ಮಲ್ಲಿ ಗರಡಿಮನೆಗಳಿದ್ದವು. ದಂಡ, ಬಸ್ಕಿ, ಗದೆ ತಿರುಗಿಸುವುದು ಪೈಲ್ವಾನರಿಗೆ ಹೊಸದೇನಲ್ಲ. ಆದರೂ ಸ್ಯಾಂಡೋ ಹೆಸರು ಇಲ್ಲಿ ಬೇರೂರಿತು. ತಮಿಳು ನಿರ್ಮಾಪಕ ಚಿನ್ನಪ್ಪ ದೇವರ್ ತಮ್ಮ ಹೆಸರಿನ ಮುಂದೆಯೇ ಸ್ಯಾಂಡೋ ಎಂದು ಸೇರಿಸಿಕೊಂಡಿದ್ದರು. ತೋಳಿಲ್ಲದ ಬನಿಯನ್ನನ್ನು ಅಂಗಡಿಯಲ್ಲಿ ಸ್ಯಾಂಡೋ ಬನಿಯನ್ ಎಂದು ಕೇಳುತ್ತೇವಲ್ಲ, ಆ ಹೆಸರೂ ಇವನಿಂದಲೇ ಬಂದದ್ದು ಎನ್ನುತ್ತಾರೆ.

ಬೆಂಗಳೂರಿನಲ್ಲಿ 1920ರ ದಶಕದಲ್ಲಿ ವ್ಯಾಯಾಮಶಾಲೆ ಕಟ್ಟಿದ ಕೆ.ವಿ. ಅಯ್ಯರ್ ಅವರನ್ನು ಕನ್ನಡಿಗರು 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳ ಲೇಖಕರೆಂದು ಬಲ್ಲರು. ಅವರು ದೇಶದಲ್ಲೇ ಹೆಸರಾದ ದೇಹದಾರ್ಢ್ಯ ಪಟುವೂ ಹೌದು. ಬಾರ್‌ಬೆಲ್ ಎತ್ತುವುದನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಕಲಿಸಿದ ಅವರು 1930ರಲ್ಲಿ ಈ ವಿಷಯದ ಮೇಲೆ ಇಂಗ್ಲಿಷ್‌ನಲ್ಲಿ ಪುಸ್ತಕವನ್ನೂ ಬರೆದರು. ಭಾರ ಎತ್ತುವವರ ಬುದ್ಧಿ ಮಂದ ಎಂಬ ಹಳೇ ಹಾಸ್ಯಕ್ಕೆ ಅವರ ಬದುಕೇ ಉತ್ತರ.

ಹಾಗಾದರೆ ಸ್ಯಾಂಡೋ ಸತ್ತದ್ದು ಹೇಗೆ?

1911ರಲ್ಲಿ ಬ್ರಿಟನ್ನಿನ ದೊರೆ ಐದನೇ ಜಾರ್ಜ್ ಸ್ಯಾಂಡೋನನ್ನು ತನ್ನ ದೇಹಶಿಕ್ಷಣದ ಪ್ರಾಧ್ಯಾಪಕನಾಗಿ ನೇಮಿಸಿದ. ಅದು ಅವನ ಏಳಿಗೆಯ ತುದಿ. ಮೊದಲ ಮಹಾಯುದ್ಧ ಬಂದಾಗ ಹುಟ್ಟಿದ ದೇಶವೇ ಅವನಿಗೆ ಭಾರವಾಯಿತು. ಕೋಕೋ ಕಂಪನಿ ಮುಳುಗಿತು. ಹಳೆಯ ವೈಭವ ಮತ್ತೆ ಬರಲಿಲ್ಲ.

1925ರ ಅಕ್ಟೋಬರ್ 14ರಂದು, 58ನೇ ವಯಸ್ಸಿನಲ್ಲಿ, ಆತ ಲಂಡನ್‌ನಲ್ಲಿ ತೀರಿಕೊಂಡ. ಮೆದುಳಿನ ರಕ್ತನಾಳ ಒಡೆದು ಸಾವು ಎಂದು ಸುದ್ದಿಯಾಯಿತು. ಕೆಲವು ವರ್ಷಗಳ ಹಿಂದೆ ಹಳ್ಳಕ್ಕೆ ಬಿದ್ದ ಕಾರನ್ನು ಒಬ್ಬನೇ ಎತ್ತಿದ್ದೇ ಇದಕ್ಕೆ ಕಾರಣ ಎಂಬ ಕಥೆ ಪತ್ರಿಕೆಗಳಲ್ಲಿ ಹರಡಿತು. ನಮ್ಮ ಗ್ರೂಪ್‌ಗೆ ಬಂದ ಫಾರ್ವರ್ಡ್‌ನ ಮೂಲ ಇದೇ. ಅಂದರೆ ಈ ಫಾರ್ವರ್ಡ್‌ಗೆ ನೂರು ವರ್ಷ ವಯಸ್ಸು.

ಈ ಕಥೆಯನ್ನು ಒರೆಗೆ ಹಚ್ಚೋಣ. ಮೊದಲನೆಯದು, ಒಡೆಯುವುದು ನರವಲ್ಲ, ರಕ್ತನಾಳ. ನಾವು ಮಾತಿನಲ್ಲಿ ಎರಡನ್ನೂ ನರ ಎನ್ನುತ್ತೇವೆ, ಆದರೆ ಎರಡೂ ಬೇರೆ. ಎರಡನೆಯದು, ಉಸಿರು ಬಿಗಿಹಿಡಿದು ಭಾರೀ ತೂಕ ಎತ್ತುವಾಗ ರಕ್ತದೊತ್ತಡ ತುಂಬ ಏರುತ್ತದೆ, ಇದು ನಿಜ. ಆದರೆ ಇಳಿಸಿದ ಕೆಲವೇ ಕ್ಷಣಗಳಲ್ಲಿ ಇಳಿಯುತ್ತದೆ. ಅಂದು ಎತ್ತಿದ ಕಾರು ವರ್ಷಗಳ ನಂತರ ರಕ್ತನಾಳ ಒಡೆಯಿತು ಎನ್ನಲು ಆಧಾರವಿಲ್ಲ. ಸ್ಯಾಂಡೋನ ಜೀವನ ಬರೆದವರೂ ಈ ಕಥೆಯನ್ನು ಅನುಮಾನದಿಂದಲೇ ನೋಡಿದ್ದಾರೆ. ಮೆದುಳಿನ ರಕ್ತಸ್ರಾವಕ್ಕೆ ದೊಡ್ಡ ಕಾರಣ ವರ್ಷಗಟ್ಟಲೆ ನಿಯಂತ್ರಣದಲ್ಲಿಲ್ಲದ ಬಿಪಿ. ನಿಯಮಿತವಾಗಿ ಭಾರ ಎತ್ತುವ ಅಭ್ಯಾಸ ವಿಶ್ರಾಂತಿಯಲ್ಲಿರುವಾಗಿನ ಬಿಪಿಯನ್ನು ಸ್ವಲ್ಪ ಇಳಿಸುತ್ತದೆ, ಏರಿಸುವುದಿಲ್ಲ.

ಸ್ಯಾಂಡೋನನ್ನು ಪಟ್ನಿ ವೇಲ್ ಸ್ಮಶಾನದಲ್ಲಿ ಹೂಳಿದರು. ಹೆಂಡತಿಯ ಇಚ್ಛೆಯಂತೆ ಸಮಾಧಿಗೆ ಹೆಸರಿನ ಕಲ್ಲನ್ನೂ ಇಡಲಿಲ್ಲ. ಲಕ್ಷಾಂತರ ಜನ ಫೋಟೋ ಕೊಂಡಿದ್ದ ವ್ಯಕ್ತಿ ದಶಕಗಳ ಕಾಲ ಗುರುತಿಲ್ಲದೆ ಮಲಗಿದ್ದ. ಅವನ ಹೆಸರು ಕೆತ್ತಿದ ದೊಡ್ಡ ಕಲ್ಲು ಅಲ್ಲಿ ಬಂದದ್ದು 2008ರಲ್ಲಿ.

ಇನ್ನಷ್ಟು ಫಾರ್ವರ್ಡ್‌ಗಳು, ಅವುಗಳ ನಿಜಾಂಶ

ಹೇಳಿಕೆ: ವಯಸ್ಸಾದವರು ಭಾರ ಎತ್ತಬಾರದು.
ನಿಜಾಂಶ: ತಪ್ಪು. 1990ರಲ್ಲಿ ಪ್ರಕಟವಾದ ಅಮೆರಿಕದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಸುಮಾರು 90 ವಯಸ್ಸಿನ, ವೃದ್ಧಾಶ್ರಮದಲ್ಲಿದ್ದ ಹತ್ತು ಜನರಿಗೆ ಎಂಟು ವಾರ ಕಾಲಿನ ತೂಕದ ವ್ಯಾಯಾಮ ಮಾಡಿಸಲಾಯಿತು. ಪೂರ್ಣಗೊಳಿಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು, ತೊಡೆಯ ಸ್ನಾಯು ಶೇ. 9ರಷ್ಟು ಬೆಳೆಯಿತು. ಬಲ ಅಷ್ಟು, ಗಾತ್ರ ಇಷ್ಟೇ ಏಕೆ? ನರಮಂಡಲ ಕಲಿಯಿತು, ಅದಕ್ಕೆ.

ಹೇಳಿಕೆ: ಹೆಂಗಸರು ಭಾರ ಎತ್ತಿದರೆ ಗಂಡಸರಂತಾಗುತ್ತಾರೆ.
ನಿಜಾಂಶ: ತಪ್ಪು. ಹೆಂಗಸರಲ್ಲಿ ಟೆಸ್ಟೋಸ್ಟಿರಾನ್ ತುಂಬ ಕಡಿಮೆ. ಬಲ ಬರುತ್ತದೆ, ಮೂಳೆಗೂ ಒಳ್ಳೆಯದು. ಮುಟ್ಟು ನಿಂತ ಮೇಲೆ ಮೂಳೆ ಸವೆಯುವವರಿಗೆ ಇದು ಇನ್ನೂ ಮುಖ್ಯ.

ಹೇಳಿಕೆ: ಬಿಟ್ಟರೆ ಸ್ನಾಯು ಕೊಬ್ಬಾಗುತ್ತದೆ.
ನಿಜಾಂಶ: ಆಗುವುದಿಲ್ಲ, ಎರಡೂ ಬೇರೆ ಬೇರೆ ಅಂಗಾಂಶ. ವ್ಯಾಯಾಮ ಬಿಟ್ಟಾಗ ಸ್ನಾಯು ಸಣ್ಣದಾಗುತ್ತದೆ, ಊಟ ಮೊದಲಿನಷ್ಟೇ ಇದ್ದರೆ ಕೊಬ್ಬು ಸೇರುತ್ತದೆ.

ಹೇಳಿಕೆ: ಪ್ರೋಟೀನ್ ಪುಡಿ ಇಲ್ಲದೆ ಸ್ನಾಯು ಬೆಳೆಯದು.
ನಿಜಾಂಶ: ತಪ್ಪು. ಭಾರ ಎತ್ತುವವರಿಗೆ ದಿನಕ್ಕೆ ದೇಹದ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. ಬೇಳೆ, ಹೆಸರುಕಾಳು, ಹಾಲು, ಮೊಸರು, ಮೊಟ್ಟೆ, ಮೀನು, ಸೋಯಾ ಎಲ್ಲದರಲ್ಲೂ ಇದೆ. ಪುಡಿ ಅನುಕೂಲ, ಅನಿವಾರ್ಯವಲ್ಲ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಹೇಳಿಕೆ: ವಾಕಿಂಗ್ ಒಂದೇ ಸಾಕು.
ನಿಜಾಂಶ: ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಬಿಡಬೇಡಿ. ಆದರೆ ಅದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಎಚ್ಚರ ಯಾರಿಗೆ ಬೇಕು?

ಬಿಪಿ ಹತೋಟಿಯಲ್ಲಿ ಇಲ್ಲದವರು, ಹೃದಯದ ತೊಂದರೆ ಇರುವವರು, ಈಚೆಗೆ ಆಪರೇಷನ್ ಆದವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡವರು ಇದ್ದರೆ ಅಂಥವರು, ಮೊದಲು ವೈದ್ಯರನ್ನು ಕಾಣಬೇಕು. ವ್ಯಾಯಾಮದ ನಡುವೆ ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಉಳಿದವರು ಹಗುರದಿಂದ ಶುರು ಮಾಡಿ, ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ತೂಕವನ್ನು ನಿಧಾನವಾಗಿ ಏರಿಸಿ.

ಇದನ್ನೆಲ್ಲ ನಾನು ಅಮ್ಮನಿಗೆ ವಿವರಿಸಿದೆ. ಅವರು ಬಿಪಿ ನೋಡಿಸಿಕೊಂಡು ಬಂದರು, ಸರಿಯಿತ್ತು. ಮತ್ತೆ ಶುರು ಮಾಡಿದಾಗ ಮೊದಲು ಹನ್ನೆರಡು ಸಲ ಏಳುತ್ತಿದ್ದವರಿಗೆ ಎಂಟಕ್ಕೇ ಸುಸ್ತು. ಬಿಟ್ಟ ಮೂರು ವಾರದ ಲೆಕ್ಕ ಅದು. ಈಗ ಮತ್ತೆ ಹತ್ತಕ್ಕೆ ಬಂದಿದ್ದಾರೆ.

ನಿಮ್ಮ ಗ್ರೂಪ್‌ಗೂ ಆ ಕಪ್ಪು-ಬಿಳುಪು ಫೋಟೋ ಬಂದರೆ ಕಳಿಸಿದವರ ಜೊತೆ ಜಗಳವಾಡಬೇಡಿ. ಅವರು ಕಾಳಜಿಯಿಂದಲೇ ಕಳಿಸಿರುತ್ತಾರೆ. ಸ್ಯಾಂಡೋನ ಪೂರ್ತಿ ಕಥೆ ಹೇಳಿ.